ಮಾತಾಡುವವರನ್ನು ಬಿಡಿ, ಕೇಳಿಸಿಕೊಳ್ಳುವವರನ್ನು ನೋಡಿ

ಒಂದು ಮನೆ, ಮೂರ್ನಾಲ್ಕು ಜನ, ಒಂದು ರಾತ್ರಿ. ಹಾಡಿಲ್ಲ, ಹೊಡೆದಾಟವಿಲ್ಲ. ಕತೆ ಹೇಳು ಅಂದರೆ ಎರಡು ಮಾತಿಗೆ ಮುಗಿದುಹೋಗುತ್ತದೆ. ಆದರೂ ನೋಡಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರ ಜೊತೆಗೂ ಮಾತು ಬೇಡ ಅನ್ನಿಸುವಂಥ ಸಿನಿಮಾಗಳಿವೆ. ಹುಡುಕಿ ನೋಡಿದರೆ ಅವುಗಳಲ್ಲಿ ಹಲವು ಮೊದಲು ನಾಟಕಗಳಾಗಿದ್ದವು ಅಂತ ತಿಳಿಯುತ್ತದೆ. ಯಾಕೆ ಹೀಗೆ ಅಂತ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: 'ನಟನೆ ಅದ್ಭುತ'. ಅದರಿಂದ ಏನೂ ತಿಳಿಯುವುದಿಲ್ಲ. ನಟನೆ ಎಲ್ಲ ಸಿನಿಮಾದಲ್ಲೂ ಇರುತ್ತದೆ. ಇಲ್ಲಿ ಮಾತ್ರ ಅದು ಇಷ್ಟು ಆಳಕ್ಕೆ ಇಳಿಯುವುದಕ್ಕೆ ಕಾರಣಗಳಿವೆ. ಅವನ್ನು ಬಿಡಿಸಿ ನೋಡಲು ತುಮಕೂರು ಸೀಮೆಯವರಾದ ನಮಗೆ ಒಂದು ಅನುಕೂಲವೂ ಇದೆ. ಇದಕ್ಕೆ ಪೂರ್ತಿ ತದ್ವಿರುದ್ಧವಾದ ನಟನೆಯನ್ನು ನಾವು ಚಿಕ್ಕಂದಿನಿಂದ ನೋಡಿಕೊಂಡು ಬಂದಿದ್ದೇವೆ.

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಗುಬ್ಬಿ, ತುರುವೇಕೆರೆ, ಕುಣಿಗಲ್, ಶಿರಾ ಕಡೆ ಯಾವುದಾದರೂ ಒಂದು ಊರಲ್ಲಿ 'ಕುರುಕ್ಷೇತ್ರ' ಇದ್ದೇ ಇರುತ್ತದೆ. ಬಾಡಿಗೆಗೆ ತಂದ ಸೀನರಿ, ಹಾರ್ಮೋನಿಯಂ ಮೇಷ್ಟ್ರು, ಮೇಲಿನಿಂದ ಇಳಿಬಿಟ್ಟ ಮೈಕು. ಪಾತ್ರ ಮಾಡುವವರು ಊರಿನವರೇ: ಬೇಸಾಯಗಾರರು, ಸ್ಕೂಲು ಮೇಷ್ಟ್ರು, ಬಸ್ ಕಂಡಕ್ಟರು. ಪಾತ್ರಕ್ಕೆ ತಕ್ಕಂತೆ ಕೈಯಿಂದ ದುಡ್ಡು ಹಾಕಿ ಬಣ್ಣ ಹಚ್ಚಿಕೊಳ್ಳುತ್ತಾರೆ. ದುರ್ಯೋಧನನೇ ಬೇಕು ಅಂದರೆ ಜಾಸ್ತಿ ಬೀಳುತ್ತದೆ. ಪದ್ಯ ಚೆನ್ನಾಗಿ ಎತ್ತಿದರೆ 'ಒನ್ಸ್ ಮೋರ್'. ನಂಟರು ನಡುವೆಯೇ ಸ್ಟೇಜು ಹತ್ತಿ ನೋಟಿನ ಹಾರ ಹಾಕುತ್ತಾರೆ, ದುರ್ಯೋಧನ ಅವರಿಗೆ ಕೈಮುಗಿದು, ಮತ್ತೆ ಭೀಮನ ಕಡೆ ತಿರುಗಿ ಹಲ್ಲು ಕಡಿಯುತ್ತಾನೆ. ಇದನ್ನೆಲ್ಲ ಒರಟು ನಟನೆ ಅಂತ ಮೂಗು ಮುರಿಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಇದು ದೂರಕ್ಕಾಗಿ ಕಟ್ಟಿದ ನಟನೆ. ಕೊನೆಯಲ್ಲಿ ಕಂಬಳಿ ಹೊದ್ದು ಕೂತ ಮುದುಕನಿಗೂ ದುರ್ಯೋಧನನ ಸಿಟ್ಟು ಮುಟ್ಟಬೇಕು. ಹಾಗಾಗಿ ಸಿಟ್ಟು ದನಿಯಲ್ಲಿ, ಹೆಜ್ಜೆಯಲ್ಲಿ, ಗದೆ ಹಿಡಿಯುವ ಭಂಗಿಯಲ್ಲಿ ಇರುತ್ತದೆ. ಮುಖಕ್ಕೆ ಅಷ್ಟು ಕೆಲಸವಿಲ್ಲ.

ಭರತನ ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕು ಬಗೆ ಮಾಡುತ್ತದೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಮೈ, ಮಾತು, ವೇಷಭೂಷಣ, ಒಳಗಿನಿಂದ ತಾನಾಗಿ ಉಕ್ಕುವುದು. ನಾಲ್ಕನೆಯದರಲ್ಲಿ ಎಂಟು ಭಾವಗಳು: ಮೈ ಮರಗಟ್ಟುವುದು, ಬೆವರುವುದು, ರೋಮಾಂಚ, ದನಿ ಒಡೆಯುವುದು, ನಡುಕ, ಮುಖದ ಬಣ್ಣ ಕೆಡುವುದು, ಕಣ್ಣೀರು, ಪ್ರಜ್ಞೆ ತಪ್ಪುವುದು. ನಮ್ಮ ಬಯಲಿನ ಸ್ಟೇಜಿನಲ್ಲಿ ಮೊದಲ ಮೂರಕ್ಕೆ ರಾಜಮರ್ಯಾದೆ. ನಾಲ್ಕನೆಯದು ಇದ್ದರೂ ಕಾಣುವುದಿಲ್ಲ. ಮುಖಕ್ಕೆ ಮೆತ್ತಿದ ಬಣ್ಣದ ಕೆಳಗೆ ಬಣ್ಣ ಕೆಟ್ಟಿದೆಯೋ ಇಲ್ಲವೋ ಯಾರಿಗೆ ಗೊತ್ತು? ಕ್ಯಾಮೆರಾ ಮಾಡಿದ ದೊಡ್ಡ ಕೆಲಸವೆಂದರೆ ಈ ಕ್ರಮವನ್ನು ತಲೆಕೆಳಗು ಮಾಡಿದ್ದು. ಮೂರು ಅಡಿ ದೂರದಿಂದ ನೋಡುವ ಲೆನ್ಸಿಗೆ ಗಂಟಲ ಬಳಿ ಒಂದು ನರ ಮಿಡಿದರೂ ಸಾಕು. ಮೈಕಿಗೆ ಉಸಿರು ಸಿಕ್ಕಿಕೊಂಡದ್ದೂ ಕೇಳುತ್ತದೆ.

ಈ ತಿರುವು ಒಂದೇ ದಿನದಲ್ಲಿ ಆಗಲಿಲ್ಲ, ಮತ್ತು ಅದರಲ್ಲಿ ನಮ್ಮ ಜಿಲ್ಲೆಯ ಪಾಲು ಸಣ್ಣದಲ್ಲ. 1934ರಲ್ಲಿ ತೆರೆ ಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ಬರೆದವರು, ಹೆಸರಿನಲ್ಲೇ ನಮ್ಮ ಬೆಳ್ಳಾವಿಯನ್ನು ಇಟ್ಟುಕೊಂಡಿದ್ದ ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಅದರಲ್ಲಿ ನಟಿಸಿದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು ಇಬ್ಬರೂ ರಂಗಭೂಮಿಯ ಹುಲಿಗಳು. ಇಪ್ಪತ್ತು ವರ್ಷ ಕಳೆದು 1954ರಲ್ಲಿ ಬಂದ 'ಬೇಡರ ಕಣ್ಣಪ್ಪ' ಗುಬ್ಬಿ ಕಂಪನಿಯ ನಾಟಕದಿಂದಲೇ ಹುಟ್ಟಿದ್ದು. ರಾಜ್‌ಕುಮಾರ್ ನಾಯಕನಾದದ್ದು ಅದರಲ್ಲಿ, ತಿಪಟೂರಿನ ನರಸಿಂಹರಾಜು ಪರದೆಗೆ ಬಂದದ್ದೂ ಅದರಲ್ಲೇ. ಇವರೆಲ್ಲ ಕಂಪನಿ ನಾಟಕದ ಗರಡಿಯಲ್ಲಿ ಪಳಗಿದವರು. ದನಿ ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ನರನಾಡಿಯಲ್ಲಿ ಇಳಿದಿತ್ತು. ಆ ಕಾಲದ ಸಿನಿಮಾ ನೋಡಿದರೆ ಸ್ಟೇಜಿನ ವರಸೆ ಇನ್ನೂ ಕಾಣುತ್ತದೆ: ಮಾತು ಪಕ್ಕದಲ್ಲಿ ನಿಂತವನಿಗೆ ಅಂತಿದ್ದರೂ ಮೈ ಪ್ರೇಕ್ಷಕರ ಕಡೆ ತಿರುಗಿರುತ್ತದೆ.

ಇಷ್ಟಾದರೂ ಮೂಲ ಪ್ರಶ್ನೆ ಹಾಗೇ ಉಳಿಯುತ್ತದೆ. ಕ್ಲೋಸಪ್ಪು ಎಲ್ಲ ಸಿನಿಮಾದಲ್ಲೂ ಇದೆ. ನಾಟಕದಿಂದ ಬಂದ ಸಿನಿಮಾದಲ್ಲಿ ಮಾತ್ರ ಅದು ಯಾಕೆ ಬೇರೆ ಥರ ತಟ್ಟುತ್ತದೆ?

ಮೊದಲ ಕಾರಣ, ನಾಟಕ ಬರೆಯುವವನು ಪಾತ್ರಗಳನ್ನು ಒಳಗೆ ಕೂಡಿಹಾಕಿ ಬೀಗ ಹಾಕುತ್ತಾನೆ. ಸಿನಿಮಾ ಕತೆಗಾರನಿಗೆ ಜಗಳ ಬಿಗಿಯಾದ ಕೂಡಲೇ ನಾಯಕನನ್ನು ಬೈಕ್ ಹತ್ತಿಸಿ ಹೊರಗೆ ಕಳಿಸುವ ಸೌಕರ್ಯವಿದೆ. ನಾಟಕಕಾರನಿಗೆ ಇಲ್ಲ. ಇರುವುದು ಒಂದು ಕೋಣೆ; ಎಲ್ಲವೂ ಅಲ್ಲೇ ಆಗಬೇಕು. ಹಾಗಾಗಿ 'ಇವರು ಎದ್ದು ಯಾಕೆ ಹೋಗುವುದಿಲ್ಲ?' ಅನ್ನುವ ಪ್ರಶ್ನೆಗೆ ಅವನು ಗಟ್ಟಿ ಉತ್ತರ ಇಟ್ಟುಕೊಂಡೇ ಬರೆಯಬೇಕು. 'ಟ್ವೆಲ್ವ್ ಆ್ಯಂಗ್ರಿ ಮೆನ್'ನಲ್ಲಿ ಕಾನೂನೇ ಬೀಗ: ಕೊಲೆ ಕೇಸಿನಲ್ಲಿ ತೀರ್ಪು ಹೇಳಲು ಜ್ಯೂರಿಯಾಗಿ ಕೂತ ಹನ್ನೆರಡು ಜನ ಸಾಮಾನ್ಯರಿಗೆ, ತೀರ್ಪು ಕೊಡುವವರೆಗೆ ಬಿಡುಗಡೆಯಿಲ್ಲ. (ಇದು ಮೊದಲು 1954ರ ಟಿವಿ ನಾಟಕ, ಸಿನಿಮಾ ಆದದ್ದು 1957ರಲ್ಲಿ. ಹಿಂದಿಯಲ್ಲಿ ಬಾಸು ಚಟರ್ಜಿಯವರ 'ಏಕ್ ರುಕಾ ಹುವಾ ಫೈಸಲಾ' ನೋಡಿದವರಿಗೆ ಕತೆ ಗೊತ್ತಿರುತ್ತದೆ.) 'ದಿ ವೇಲ್'ನಲ್ಲಿ ಬೀಗ ನಾಯಕನ ವಿಪರೀತ ದಪ್ಪ ಮೈಯೇ, ಎದ್ದು ಬಾಗಿಲವರೆಗೆ ನಡೆಯುವುದೇ ಅವನಿಗೆ ಯುದ್ಧ. 'ದಿ ಫಾದರ್'ನಲ್ಲಿ ಮುದುಕನಿಗೆ ತಾನು ಯಾರ ಮನೆಯಲ್ಲಿದ್ದೇನೆ ಅನ್ನುವುದೇ ಖಾತ್ರಿಯಿಲ್ಲ, ಎಲ್ಲಿಗೆ ಅಂತ ಹೋದಾನು? ಎಡ್ವರ್ಡ್ ಆಲ್ಬಿಯ ನಾಟಕದಿಂದ 1966ರಲ್ಲಿ ಮೈಕ್ ನಿಕೋಲ್ಸ್ ಮಾಡಿದ 'ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?'ನಲ್ಲಿ ಇರುವ ಬೀಗ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು: ಮರ್ಯಾದೆ. ಅರ್ಧ ರಾತ್ರಿಯಲ್ಲಿ ಮನೆಗೆ ಬಂದ ಅತಿಥಿಗಳ ಎದುರಿಗೇ ಗಂಡ ಹೆಂಡತಿ ಕಿತ್ತಾಡುತ್ತಾರೆ. ಬಂದವರು ಎದ್ದು ಹೋಗಲಾರರು, ಕೂರಲಾರರು. ಊಟಕ್ಕೆ ಕರೆದ ಮನೆಯಲ್ಲಿ ಅಣ್ಣ ತಮ್ಮಂದಿರ ಜಮೀನು ಮಾತು ಶುರುವಾದಾಗ ಎಲೆ ಮುಂದೆ ಕೂತವರ ಪಾಡು ಯಾರಿಗೆ ಗೊತ್ತಿಲ್ಲ. ಆ ಸಿನಿಮಾದಲ್ಲಿ ಹೆಚ್ಚುಕಮ್ಮಿ ನಾಲ್ಕೇ ಪಾತ್ರ. ನಾಲ್ಕೂ ಜನ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಎಲಿಜಬೆತ್ ಟೇಲರ್ ಮತ್ತು ಸ್ಯಾಂಡಿ ಡೆನಿಸ್ ಗೆದ್ದರು.

ಬೀಗ ಬಿದ್ದ ಕೋಣೆ ನಟನಿಗೆ ಏನು ಮಾಡುತ್ತದೆ? ತಪ್ಪಿಸಿಕೊಳ್ಳುವ ದಾರಿಗಳನ್ನೆಲ್ಲ ಮುಚ್ಚುತ್ತದೆ. ಚೆಂದದ ಬೆಟ್ಟ ತೋರಿಸಿ ಪ್ರೇಕ್ಷಕರ ಕಣ್ಣು ಬೇರೆ ಕಡೆ ಎಳೆಯುವಂತಿಲ್ಲ. ಒಂದು ಸುಳ್ಳು ನೋಟ, ಒಂದು ಕೃತಕ ಉಸಿರು ಬಂದರೂ ಸಿಕ್ಕಿಬೀಳುತ್ತಾನೆ. ಎಲಿಯಾ ಕಜಾನ್ 1951ರ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್'ನಲ್ಲಿ ಸಿನಿಮಾ ಮುಂದುವರಿದಂತೆ ಸೆಟ್ಟಿನ ಗೋಡೆಗಳನ್ನು ಒಳಕ್ಕೆ ತಳ್ಳಿಸುತ್ತಾ ಹೋದರು, ನಾಯಕಿ ಬ್ಲಾಂಚ್‌ಗೆ ಮನೆ ಕಿರಿದಾಗುತ್ತಾ ಬರಲಿ ಅಂತ. ಸಿಡ್ನಿ ಲ್ಯೂಮೆಟ್ 'ಟ್ವೆಲ್ವ್ ಆ್ಯಂಗ್ರಿ ಮೆನ್'ನಲ್ಲಿ ಅದೇ ಕೆಲಸವನ್ನು ಲೆನ್ಸಿನಿಂದ ಮಾಡಿದರು. ಮೊದಲ ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ, ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ, ಕೊನೆಗೆ ಅದಕ್ಕಿಂತ ಕೆಳಗೆ. ಜೊತೆಗೆ ಲೆನ್ಸಿನ ಫೋಕಲ್ ಲೆಂಗ್ತ್ ಹೆಚ್ಚುತ್ತಾ ಹೋಯಿತು, ಹಿಂದಿನ ಗೋಡೆ ಬೆನ್ನಿಗೆ ಅಂಟಿದಂತೆ ಕಾಣತೊಡಗಿತು. ಕೊನೆಯ ಹೊತ್ತಿಗೆ ಛಾವಣಿಯೂ ಕಾಣುತ್ತದೆ. ಇದ್ಯಾವುದೂ ನೋಡುವವನ ಗಮನಕ್ಕೆ ಬರುವುದಿಲ್ಲ, ಸೆಕೆ ಮಾತ್ರ ಆಗುತ್ತದೆ.

ಎರಡನೆಯದು ತಾಲೀಮು. ಸಿನಿಮಾವನ್ನು ತುಂಡು ತುಂಡಾಗಿ, ಹಿಂದುಮುಂದಾಗಿ ಚಿತ್ರೀಕರಿಸುತ್ತಾರೆ. ಬೆಳಗ್ಗೆ ಸಾವಿನ ದೃಶ್ಯ, ಮಧ್ಯಾಹ್ನ ಮದುವೆಯದು. ನಟನಿಗೆ ಇಡೀ ಕತೆಯ ಏರಿಳಿತ ಮೈಯಲ್ಲಿ ಕೂತಿರುವುದಿಲ್ಲ. ನಾಟಕದವನಿಗೆ ಅದೇ ಬಂಡವಾಳ. ಲ್ಯೂಮೆಟ್ ತಮ್ಮ ಹನ್ನೆರಡು ಜನರಿಗೆ ಎರಡು ವಾರ ನಾಟಕದ ಥರವೇ ತಾಲೀಮು ಮಾಡಿಸಿದರು. ಖರ್ಚು ಉಳಿಸಲು ಒಂದು ದಿಕ್ಕಿಗೆ ಒಮ್ಮೆ ಲೈಟು ಹಾಕಿದರೆ ಆ ದಿಕ್ಕಿನ ಶಾಟುಗಳನ್ನೆಲ್ಲ ಒಟ್ಟಿಗೆ ತೆಗೆದುಬಿಡುತ್ತಿದ್ದರು. ಅದರಿಂದ ಹೆನ್ರಿ ಫೋಂಡಾ ಮತ್ತು ಲೀ ಜೆ. ಕಾಬ್ ಎದುರುಬದುರು ಕೂತು ವಾದ ಮಾಡುವ ಕಡೆ, ಒಬ್ಬರ ಮುಖಕ್ಕೂ ಇನ್ನೊಬ್ಬರ ಮುಖಕ್ಕೂ ವಾರದಷ್ಟು ಅಂತರವಿತ್ತು. ತೆರೆಯ ಮೇಲೆ ಅದು ಒಂದೇ ಉಸಿರಿನ ಜಗಳ. ವಾರದ ಹಿಂದಿನ ಸಿಟ್ಟಿನ ಮಟ್ಟವನ್ನು ಇವತ್ತು ಅಷ್ಟಕ್ಕೇ ಎತ್ತಲು ಸಾಧ್ಯವಾದದ್ದು ಆ ತಾಲೀಮಿನಿಂದ. ನಮ್ಮ ಊರಿನ ನಾಟಕದವರೂ ತಿಂಗಳುಗಟ್ಟಲೆ ರಾತ್ರಿ ಹೊತ್ತು ಪ್ರಾಕ್ಟೀಸು ಮಾಡುತ್ತಾರೆ. ಮಾತು ಬಾಯಿಪಾಠವಾಗಲಿ ಅಂತ ಮಾತ್ರ ಅಂದುಕೊಂಡರೆ ಅದರ ಅರ್ಧ ಲಾಭವನ್ನು ಕಾಣಲಿಲ್ಲ ಅಂತಲೇ.

ಆಗಸ್ಟ್ ವಿಲ್ಸನ್ ಅವರ 'ಫೆನ್ಸಸ್' ಇದಕ್ಕಿಂತ ಗಟ್ಟಿ ಉದಾಹರಣೆ. ಡೆಂಜೆಲ್ ವಾಷಿಂಗ್ಟನ್ ಮತ್ತು ವಯೋಲಾ ಡೇವಿಸ್ 2010ರಲ್ಲಿ ಅದನ್ನು ಬ್ರಾಡ್‌ವೇ ರಂಗದ ಮೇಲೆ ಆಡಿ ಇಬ್ಬರೂ ಟೋನಿ ಪ್ರಶಸ್ತಿ ಪಡೆದಿದ್ದರು. 2016ರಲ್ಲಿ ವಾಷಿಂಗ್ಟನ್ ತಾವೇ ನಿರ್ದೇಶಿಸಿ ಸಿನಿಮಾ ಮಾಡಿದಾಗ ಅದೇ ಜೋಡಿ. ಹಿತ್ತಲಲ್ಲಿ ನಿಂತ ಗಂಡ, ಬೇರೆ ಹೆಂಗಸಿನಿಂದ ತನಗೆ ಮಗುವಾಗಲಿದೆ ಅಂತ ಹೆಂಡತಿಗೆ ಹೇಳುತ್ತಾನೆ. ಡೇವಿಸ್ ಸಿಡಿದು ಮಾತಾಡುವ ಭಾಗವನ್ನು, ಮೂಗು ಸೋರುವುದನ್ನೂ ಒರೆಸಿಕೊಳ್ಳದೆ ಅಳುವುದನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಪ್ರಕಾರ ಆ ದೃಶ್ಯ ಗೆದ್ದಿರುವುದು ಅದಕ್ಕಿಂತ ಮುಂಚೆಯೇ, ಅವಳು ಸುಮ್ಮನೆ ಕೇಳಿಸಿಕೊಳ್ಳುವಾಗ. ಸುದ್ದಿ ಕಿವಿಗೆ ಬಿದ್ದಿದೆ, ಇನ್ನೂ ಒಳಗೆ ಇಳಿದಿಲ್ಲ. ಆ ಕ್ಷಣಗಳಲ್ಲಿ ಅವಳು ಹದಿನೆಂಟು ವರ್ಷದ ಸಂಸಾರವನ್ನು ಮನಸ್ಸಿನಲ್ಲೇ ಒಂದು ಸುತ್ತು ನೋಡಿ ಬರುತ್ತಾಳೆ.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯವೇ ಇದು. ನಾಟಕದ ಶಕ್ತಿ ಮಾತಿನಲ್ಲಿದೆ. ರಂಗದ ಮೇಲೆ ನಮ್ಮ ಕಣ್ಣು ತಾನಾಗಿ ಮಾತಾಡುವವರ ಕಡೆ ಹೋಗುತ್ತದೆ, ಬೆಳಕೂ ಅಲ್ಲೇ ಇರುತ್ತದೆ. ಸಿನಿಮಾದಲ್ಲಿ ನಾವು ಯಾರನ್ನು ನೋಡಬೇಕು ಅನ್ನುವುದು ನಿರ್ದೇಶಕ ಮತ್ತು ಸಂಕಲನಕಾರರ ಕೈಯಲ್ಲಿದೆ. ಮಾತು ಒಬ್ಬರ ಬಾಯಲ್ಲಿ ನಡೆಯುತ್ತಿರುವಾಗ ಮುಖ ಇನ್ನೊಬ್ಬರದು ತೋರಿಸಬಹುದು. ನಾಟಕದಿಂದ ಬಂದ ಒಳ್ಳೆಯ ಸಿನಿಮಾ ಮಾಡುವ ಜಾದೂ ಇಷ್ಟೇ: ನಾಟಕಕಾರ ತೂಕ ಹಾಕಿ ಬರೆದ ಮಾತನ್ನು ಹಾಗೇ ಉಳಿಸಿಕೊಂಡು, ಆ ಮಾತು ಹೋಗಿ ಬೀಳುವ ಜಾಗವನ್ನು ತೋರಿಸುತ್ತದೆ.

ನಮ್ಮದೇ ಕುರುಕ್ಷೇತ್ರದಿಂದ ತೆಗೆದುಕೊಳ್ಳೋಣ. ಆ ದೊಡ್ಡ ಗದ್ದಲದ ನಡುವೆ ಇಬ್ಬರೇ ಇರುವ ಒಂದು ಸೀನಿದೆ: ಕರ್ಣ, ಕುಂತಿ. ಸ್ಟೇಜಿನಲ್ಲಿ ಕುಂತಿ 'ನೀನು ನನ್ನ ಮಗನಪ್ಪಾ' ಅನ್ನುವಾಗ ಎಲ್ಲರ ಕಣ್ಣೂ ಕುಂತಿಯ ಮೇಲೆ, ಹಾರ್ಮೋನಿಯಂ ಶ್ರುತಿ ಏರುತ್ತದೆ, ಕರ್ಣ ತನ್ನ ಪದ್ಯಕ್ಕೆ ಕಾಯುತ್ತಾ ನಿಂತಿರುತ್ತಾನೆ. ಈಗ ಇದನ್ನು ಒಂದು ಕೋಣೆಯಲ್ಲಿ, ಕಿರೀಟ ಭುಜಕೀರ್ತಿ ಇಲ್ಲದೆ, ಕ್ಯಾಮೆರಾ ಇಟ್ಟು ಮಾಡುತ್ತೀರಿ ಅಂತಿಟ್ಟುಕೊಳ್ಳಿ. ಆ ಮಾತು ಬರುವಾಗ ಮುಖ ಕರ್ಣನದಾಗಬೇಕು. ಕುಂತಿಯ ದನಿ ಪಕ್ಕದಿಂದ ಕೇಳಿದರೆ ಸಾಕು. ತನಗೆ ಇದು ಮೊದಲೇ ಗೊತ್ತಿತ್ತು ಅನ್ನುವುದನ್ನು ಕರ್ಣ ಬಚ್ಚಿಡಬೇಕು, ಬಚ್ಚಿಡುತ್ತಿದ್ದಾನೆ ಅನ್ನುವುದು ನಮಗೆ ಕಾಣಬೇಕು. ಆಮೇಲೆ ತಿರುವು: ತೊಟ್ಟ ಬಾಣ ಮತ್ತೆ ತೊಡಬೇಡ, ನನ್ನ ಐವರನ್ನು ಕಾಯಿ ಅಂತ ಕೇಳಿದ ತಾಯಿಗೆ ಅವನು 'ಆಗಲಿ' ಅಂದಾಗ ಕ್ಯಾಮೆರಾ ಕುಂತಿಯ ಕಡೆ ಹೋಗಬೇಕು. ಕೇಳಿದ್ದು ಸಿಕ್ಕಿತು, ಮಗ ಹೋದ. ಆ ಮುಖಕ್ಕೆ ಪದ್ಯ ಬೇಕಾಗುವುದಿಲ್ಲ. ಶಾರ್ಟ್ ಫಿಲಂ ಮಾಡುವ ನಮ್ಮ ಕಡೆಯ ಹುಡುಗರು ಇದನ್ನೊಂದು ಪ್ರಯತ್ನಿಸಿ ನೋಡಬಹುದು, ಮೊಬೈಲ್ ಸಾಕು.

ಕೇಳಿಸಿಕೊಳ್ಳುವ ನಟನೆಯ ಮಟ್ಟ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ 'ದಿ ಫಾದರ್' ನೋಡಬೇಕು. ಫ್ಲೋರಿಯನ್ ಝೆಲ್ಲರ್ ತಾವೇ ಬರೆದ, 2012ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶನಗೊಂಡ ಫ್ರೆಂಚ್ ನಾಟಕವನ್ನು 2020ರಲ್ಲಿ ಸಿನಿಮಾ ಮಾಡಿದರು. ಮರೆವಿನ ಕಾಯಿಲೆಯ ಮುದುಕನ ಪಾತ್ರಕ್ಕೆ ಆಂಟನಿ ಹಾಪ್ಕಿನ್ಸ್ ಅವರನ್ನೇ ಮನಸ್ಸಿನಲ್ಲಿಟ್ಟು ಪಾತ್ರದ ಹೆಸರನ್ನೂ ಆಂಟನಿ ಅಂತ ಮಾಡಿದರು. ಸಿನಿಮಾದಲ್ಲಿ ಅವನು ಹೇಳುವ ಹುಟ್ಟಿದ ದಿನ, 1937ರ ಡಿಸೆಂಬರ್ 31, ನಟನ ನಿಜವಾದ ಹುಟ್ಟಿದ ದಿನವೇ. ರಂಗದಲ್ಲಿ ಇಷ್ಟು ನಯವಾಗಿ ಮಾಡುವುದು ಕಷ್ಟವಾದ ಒಂದು ಕೆಲಸವನ್ನೂ ಸಿನಿಮಾ ಮಾಡುತ್ತದೆ: ಮನೆಯ ಪೀಠೋಪಕರಣ, ಗೋಡೆಯ ಬಣ್ಣ ನಮಗೆ ಗೊತ್ತಾಗದ ಹಾಗೆ ಬದಲಾಗುತ್ತಿರುತ್ತದೆ. ನಾವೂ ಮುದುಕನಂತೆ ತಬ್ಬಿಬ್ಬಾಗುತ್ತೇವೆ. ಅವನನ್ನು ನೋಡಿಕೊಳ್ಳಲು ಹೊಸ ಹುಡುಗಿಯೊಬ್ಬಳು ಬಂದಾಗ ಅಪ್ಪ ಅವಳ ಮುಂದೆ ಹೆಜ್ಜೆ ಹಾಕಿ ಕುಣಿಯುತ್ತಾನೆ, ನಗಿಸುತ್ತಾನೆ, ಆಮೇಲೆ ಇದ್ದಕ್ಕಿದ್ದಂತೆ ಅಲ್ಲೇ ಇರುವ ಮಗಳ ಮೇಲೆ ವಿಷ ಕಕ್ಕುತ್ತಾನೆ. ಕಣ್ಣು ಹಾಪ್ಕಿನ್ಸ್ ಮೇಲಿರುತ್ತದೆ, ಸಹಜ. ಇನ್ನೊಮ್ಮೆ ನೋಡುವಾಗ ಮಗಳ ಪಾತ್ರದ ಒಲಿವಿಯಾ ಕೋಲ್ಮನ್ ಮೇಲಿಡಿ. ಪರರ ಮುಂದೆ ಮಾನ ಉಳಿಸಿಕೊಳ್ಳಲು ಇಟ್ಟುಕೊಂಡ ಸಣ್ಣ ನಗು ಬೀಳದ ಹಾಗೆ ಅವಳು ಕಷ್ಟಪಟ್ಟು ಹಿಡಿದಿದ್ದಾಳೆ. ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಂಡ ಯಾವ ಮನೆಯವರಿಗೂ ಈ ನಗು ಹೊಸದಲ್ಲ. ಹಾಪ್ಕಿನ್ಸ್‌ಗೆ ಈ ಪಾತ್ರಕ್ಕಾಗಿ ಆಸ್ಕರ್ ಬಂದಾಗ 83 ವಯಸ್ಸು; ಶ್ರೇಷ್ಠ ನಟ ಪ್ರಶಸ್ತಿ ಪಡೆದ ಅತಿ ಹಿರಿಯರು ಅವರು.

ಎಲ್ಲ ನಾಟಕವನ್ನೂ ಹೀಗೆ ಒಳಕ್ಕೆ ಮಡಿಸಬೇಕು ಅಂತೇನಿಲ್ಲ. ಇನ್ನೊಂದು ದಾರಿ ಹೊರಕ್ಕೆ ಬಿಚ್ಚುವುದು. ಕೋಲಾರ ಜಿಲ್ಲೆಯ ಮಾಸ್ತಿಯವರ 'ಕಾಕನಕೋಟೆ'ಯನ್ನು ಸಿ.ಆರ್. ಸಿಂಹ 1977ರಲ್ಲಿ ಸಿನಿಮಾ ಮಾಡಿದಾಗ ಕಾಡು ನಿಜವಾದ ಕಾಡಾಯಿತು, ಸಿ. ಅಶ್ವತ್ಥರ ಸಂಗೀತ ಸೇರಿತು. ಅದರಲ್ಲಿ ನಟಿಸಿದ ಲೋಕೇಶ್, ಮೊದಲ ವಾಕ್ಚಿತ್ರದ ಸುಬ್ಬಯ್ಯನಾಯ್ಡು ಅವರ ಮಗ. ಕಾರ್ನಾಡರ 'ನಾಗಮಂಡಲ' 1997ರಲ್ಲಿ ನಾಗಾಭರಣರ ಕೈಯಲ್ಲಿ ತೆರೆಗೆ ಬಂದದ್ದೂ ಬಿಚ್ಚಿಕೊಂಡೇ. ಇಂಥಲ್ಲಿ ಸಿಗುವ ಸುಖ ಬೇರೆ. ಬೀಗ ಹಾಕಿದ ಕೋಣೆಯ ಒತ್ತಡವನ್ನು ಅಲ್ಲಿ ಹುಡುಕಬಾರದು. ಭಾರತದಲ್ಲಿ ಆ ಒತ್ತಡ ನೋಡಬೇಕೆಂದರೆ ತೆಂಡೂಲ್ಕರ್ ನಾಟಕದಿಂದ ಸತ್ಯದೇವ ದುಬೆ 1971ರಲ್ಲಿ ಮಾಡಿದ ಮರಾಠಿ 'ಶಾಂತತಾ! ಕೋರ್ಟ್ ಚಾಲೂ ಆಹೆ' ಇದೆ. ಆಟಕ್ಕೆಂದು ಶುರುವಾದ ಅಣಕು ವಿಚಾರಣೆ ಒಬ್ಬ ಶಿಕ್ಷಕಿಯ ಬದುಕನ್ನೇ ಕೆದಕಿ ಹಾಕುತ್ತದೆ. ರಂಗದ ಮೇಲೆ ಆ ಶಿಕ್ಷಕಿ ಬೇಣಾರೆಯ ಪಾತ್ರ ಕಟ್ಟಿದ್ದ ಸುಲಭಾ ದೇಶಪಾಂಡೆಯವರೇ ಸಿನಿಮಾದಲ್ಲೂ. ಹೊತ್ತು ಕಳೆಯಲು ಬಂದವರು ನಗುತ್ತಾ ನಗುತ್ತಾ ತನ್ನನ್ನು ಮುಗಿಸುತ್ತಿದ್ದಾರೆ ಅಂತ ಅವಳಿಗೆ ಅರ್ಥವಾಗುವ ಗಳಿಗೆ ಬಾಯಿಂದ ಬರುವುದಲ್ಲ, ಮೈ ಮರಗಟ್ಟುವುದರಲ್ಲಿ ಬರುವುದು. ಭರತನ ಪಟ್ಟಿಯಲ್ಲಿ ಮೊದಲನೆಯದು ಅದೇ.

ಕೆಡುವುದು ಎಲ್ಲಿ ಅಂತಲೂ ಹೇಳಬೇಕು. ಕ್ಯಾಮೆರಾವನ್ನು ಮುಂದಿನ ಸಾಲಿನ ಕುರ್ಚಿಯಂತೆ ನೆಟ್ಟು, ರಂಗದ ಮಟ್ಟದಲ್ಲೇ ದನಿ ಎತ್ತಿಸಿದರೆ ಅದು ನಾಟಕದ ರೆಕಾರ್ಡಿಂಗ್ ಆಗುತ್ತದೆ, ಸಿನಿಮಾ ಆಗುವುದಿಲ್ಲ. ಹಾಗಂತ ದನಿ ತಗ್ಗಿಸಿದರೆ ಸಾಕು ಅಂದುಕೊಂಡ ನಟರು ಇನ್ನೊಂದು ಗುಂಡಿಗೆ ಬೀಳುತ್ತಾರೆ: ದನಿಯ ಜೊತೆ ಒಳಗಿನ ಒತ್ತಾಯವೂ ತಗ್ಗಿ, ಪಿಸುಮಾತು ಮಾತ್ರ ಉಳಿಯುತ್ತದೆ. ಕೂಗಬೇಕೆನಿಸುವಷ್ಟು ಇರಬೇಕು, ಕೂಗಬಾರದು. ಮೂರನೆಯ ತಪ್ಪು ನಟರದಲ್ಲ, ನಿರ್ದೇಶಕರದು: ನಂಬಿಕೆ ಸಾಲದೆ ಸಂಗೀತ ಸುರಿಯುವುದು. 2022ರ 'ದಿ ವೇಲ್' ಚೌಕಕ್ಕೆ ಹತ್ತಿರದ ಹಳೆಯ ಅಳತೆಯ ಚೌಕಟ್ಟಿನಲ್ಲಿ ಬ್ರೆಂಡನ್ ಫ್ರೇಸರ್ ಅವರನ್ನು ಕೂಡಿಹಾಕಿದ್ದು ಸರಿಯಾದ ಆಯ್ಕೆ. ಅವರ ಕಣ್ಣುಗಳು ಮಾಡುವ ಕೆಲಸಕ್ಕೆ ಆಸ್ಕರ್ ಬಂದದ್ದೂ ನ್ಯಾಯವೇ. ಆದರೆ ಕೊನೆಯಲ್ಲಿ ಅಳಿ, ಅಳಿ ಅಂತ ಭುಜ ಹಿಡಿದು ಅಲುಗಿಸುವ ಆ ಸಂಗೀತ ನನಗೆ ಕಿರಿಕಿರಿ ಮಾಡಿತು.

ಹತ್ತಿರ ಅನ್ನುವುದು ಕ್ಯಾಮೆರಾದ ಸ್ವತ್ತೇನೂ ಅಲ್ಲ. ಕೋಲಾರದ ಅಂತರಗಂಗೆ ಬೆಟ್ಟದ ಮೇಲೆ ತೇರಹಳ್ಳಿಯಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಗೆಳೆಯರು ಕಟ್ಟಿದ ಸಾಂಸ್ಕೃತಿಕ ಕೇಂದ್ರ 'ಆದಿಮ' ಇದೆ. ಅಲ್ಲಿ ಹುಣ್ಣಿಮೆಯ ರಾತ್ರಿಗಳಲ್ಲಿ 'ಹುಣ್ಣಿಮೆ ಹಾಡು' ಅಂತ ಪ್ರದರ್ಶನಗಳನ್ನು ನಡೆಸಿಕೊಂಡು ಬಂದಿದ್ದಾರೆ. ಬಯಲಾದರೂ, ನಟ ಇಳಿದನಿಯಲ್ಲಿ ಮಾತಾಡಿದರೆ ಕೇಳುವಷ್ಟು ಹತ್ತಿರ ಕೂರುವ ರಂಗದಲ್ಲಿ ಪ್ರೇಕ್ಷಕನೇ ತನ್ನ ಕಣ್ಣಿಗೆ ಸಂಕಲನಕಾರ. ಮಾತಾಡುವವನನ್ನು ಬಿಟ್ಟು ಮೂಲೆಯಲ್ಲಿ ಸುಮ್ಮನೆ ಕೂತ ಪಾತ್ರವನ್ನು ನೋಡಲು ಅಲ್ಲಿ ಯಾರ ಅಪ್ಪಣೆಯೂ ಬೇಡ. ಆ ಮೂಲೆಯವನು ಪಾತ್ರ ಬಿಟ್ಟು ಪ್ರೇಕ್ಷಕರ ಕಡೆ ಕಣ್ಣು ಹಾಯಿಸುತ್ತಿದ್ದರೆ ಅದೂ ಕಾಣುತ್ತದೆ, ಪಾಪ.

ಈ ಬಗೆಯ ಸಿನಿಮಾ ನೋಡಿ ಅಭ್ಯಾಸವಿಲ್ಲದವರು 'ಏಕ್ ರುಕಾ ಹುವಾ ಫೈಸಲಾ'ದಿಂದ ಶುರು ಮಾಡುವುದು ಒಳ್ಳೆಯದು. ಹಿಂದಿ ಅರ್ಥವಾಗುತ್ತದೆ, ಯಾರು ಕೊಂದರು ಅನ್ನುವ ಕುತೂಹಲವೂ ಕೈಹಿಡಿದು ನಡೆಸುತ್ತದೆ. ಮೊಂಡು ಹಿಡಿದು ಕೂತ ಪಂಕಜ್ ಕಪೂರ್ ಪಾತ್ರದ ಸಿಟ್ಟು ಆರೋಪಿ ಹುಡುಗನ ಮೇಲಲ್ಲ, ಸ್ವಂತ ಮಗನ ಮೇಲೆ ಅನ್ನುವುದು ಹೊರಬೀಳುವ ಹೊತ್ತಿನಲ್ಲಿ ಉಳಿದವರ ಮುಖ ಗಮನಿಸಿ. ಅಷ್ಟು ಹೊತ್ತು ಅವನ ಜೊತೆ ಕಿತ್ತಾಡಿದವರಲ್ಲಿ ಒಬ್ಬನಿಗೂ ಗೆದ್ದ ಖುಷಿಯಿಲ್ಲ. ಆಮೇಲೆ 'ಫೆನ್ಸಸ್', ಅದಾದ ಮೇಲೆ 'ದಿ ಫಾದರ್'. 'ವರ್ಜೀನಿಯಾ ವುಲ್ಫ್' ಕೊನೆಗಿರಲಿ, ಮನೆಗೆ ನಂಟರು ಬಂದಿಲ್ಲದ ದಿನ.